ಮೂರು ಗಂಟೆಯ ಅಂಕ, ತರಗತಿಯ ಅಂಕ

ಈಗಿನ ಪದವಿ ವಿದ್ಯಾರ್ಥಿಯ ಅಂಕಪಟ್ಟಿಯಲ್ಲಿ ಸಾಮಾನ್ಯವಾಗಿ ಪ್ರತಿಯೊಂದು ವಿಷಯದ ಎದುರಿಗೂ ಎರಡು ಬಗೆಯ ಅಂಕಗಳಿರುತ್ತವೆ. ತರಗತಿಯ ಕೆಲಸವನ್ನು ನೋಡಿ ಅಧ್ಯಾಪಕರು ಕೊಟ್ಟ ಆಂತರಿಕ ಅಂಕ ಒಂದು. ಅವಧಿಯ ಕೊನೆಗೆ ವಿಶ್ವವಿದ್ಯಾನಿಲಯ ನಡೆಸಿದ ಪರೀಕ್ಷೆಯ ಅಂಕ ಇನ್ನೊಂದು. ಇವೆರಡರ ಮೊತ್ತವೇ ಗ್ರೇಡು ಎಂಬ ಅಕ್ಷರವಾಗಿ ಅವನ ಹಣೆಬರಹವಾಗುತ್ತದೆ. ಕೂಡುವ ಲೆಕ್ಕ ಪ್ರಾಥಮಿಕ ಶಾಲೆಯದು. ಆದರೆ ಈ ಒಂದು ಕೂಡುವಿಕೆಯ ಹಿಂದೆ ನಮ್ಮ ದೇಶದಲ್ಲಿ ಬಹು ದೀರ್ಘವಾದ ವಾಗ್ವಾದವಿದೆ. ಪಾಠ ಹೇಳಿದವನ ಮಾತನ್ನು ಎಷ್ಟು ಪಾಲು ನಂಬಬೇಕು ಎಂಬುದೇ ಆ ವಾಗ್ವಾದದ ತಿರುಳು.

1854ರ ವುಡ್ ಸಾಹೇಬನ ಶಿಕ್ಷಣ ಪತ್ರದ ಫಲವಾಗಿ 1857ರಲ್ಲಿ ಕಲ್ಕತ್ತಾ, ಮುಂಬಯಿ, ಮದರಾಸುಗಳಲ್ಲಿ ವಿಶ್ವವಿದ್ಯಾನಿಲಯಗಳು ಹುಟ್ಟಿದವು. ಅವಕ್ಕೆ ಮಾದರಿ ಲಂಡನ್ ವಿಶ್ವವಿದ್ಯಾನಿಲಯ. ಅಂದಿನ ಲಂಡನ್ ಪಾಠ ಹೇಳುತ್ತಿರಲಿಲ್ಲ, ಪರೀಕ್ಷೆ ಮಾಡಿ ಪದವಿ ಕೊಡುತ್ತಿತ್ತು. ನಮ್ಮವೂ ಹಾಗೆಯೇ ಆದವು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾಗುವವರೆಗೆ ನಮ್ಮ ಮಹಾರಾಜಾ ಕಾಲೇಜಿನವರೂ ಬೆಂಗಳೂರಿನ ಸೆಂಟ್ರಲ್ ಕಾಲೇಜಿನವರೂ ಮದರಾಸಿನ ಪರೀಕ್ಷೆಗೇ ಕೂರಬೇಕಾಗಿತ್ತು. ಕಲಿಸಿದವನೊಬ್ಬ, ಪ್ರಶ್ನೆ ಕೇಳಿದವನೊಬ್ಬ, ಉತ್ತರ ತಿದ್ದಿದವನು ಮತ್ತೊಬ್ಬ. ವರ್ಷಗಟ್ಟಲೆ ವಿದ್ಯಾರ್ಥಿಯನ್ನು ಕಣ್ಣಾರೆ ಕಂಡ ಅಧ್ಯಾಪಕನಿಗೆ ಫಲಿತಾಂಶದಲ್ಲಿ ಮಾತಿರಲಿಲ್ಲ.

ಇದರಲ್ಲಿ ಒಂದು ನ್ಯಾಯವೂ ಇದ್ದಿತೆಂಬುದನ್ನು ಮರೆಯಲಾಗದು. ದೂರದ ಊರಿನ ಸಣ್ಣ ಕಾಲೇಜಿನ ಹುಡುಗನಿಗೂ ರಾಜಧಾನಿಯ ದೊಡ್ಡ ಕಾಲೇಜಿನವನಿಗೂ ಒಂದೇ ಅಳತೆಗೋಲು. ತಿದ್ದುವವನಿಗೆ ಅವನ ಜಾತಿ ಬೇಕಿಲ್ಲ, ಮನೆತನ ತಿಳಿಯದು. ಪರಿಚಯವಿಲ್ಲದವನ ಕಣ್ಣು ಬಡವನಿಗೆ ಎಷ್ಟೋ ಸಲ ರಕ್ಷೆಯಾಗಿದೆ. ಆದರೂ ಆ ರಕ್ಷೆಗೆ ತೆತ್ತ ಬೆಲೆ ಸಣ್ಣದಲ್ಲ. ಪಾಠಕ್ಕಾಗಿ ಪರೀಕ್ಷೆ ಇರುವ ಬದಲು ಪರೀಕ್ಷೆಗಾಗಿ ಪಾಠ ನಡೆಯುತ್ತಿದೆಯೆಂದು 1902ರ ವಿಶ್ವವಿದ್ಯಾನಿಲಯ ಆಯೋಗವೇ ಕೊರಗಿತು.

ಅಪರಿಚಿತನ ಕಣ್ಣಾದರೂ ಸ್ಥಿರವಾದುದೇ? ಢಾಕಾ ವಿಶ್ವವಿದ್ಯಾನಿಲಯದ ಮೊದಲ ಉಪಕುಲಪತಿಯಾಗಿದ್ದ ಫಿಲಿಪ್ ಹಾರ್ಟಾಗ್, ಸ್ವದೇಶಕ್ಕೆ ಮರಳಿದ ಮೇಲೆ, ಇ. ಸಿ. ರೋಡ್ಸ್ ಜೊತೆಗೂಡಿ ಇಂಗ್ಲೆಂಡಿನಲ್ಲಿ ಇದನ್ನು ಪರೀಕ್ಷಿಸಿ ನೋಡಿದರು. ಪರೀಕ್ಷಕರನ್ನೇ ಪರೀಕ್ಷೆಗೆ ಕೂರಿಸಿದರೆನ್ನಬಹುದು! ಇತಿಹಾಸದ ಹದಿನೈದು ಉತ್ತರಪತ್ರಿಕೆಗಳನ್ನು ಅನುಭವಸ್ಥರಿಂದ ತಿದ್ದಿಸಿ, ವರ್ಷಕ್ಕೂ ಮೇಲೆ ಕಾದು, ಅದೇ ಪತ್ರಿಕೆಗಳನ್ನು ಅವರಲ್ಲೇ ಹದಿನಾಲ್ವರಿಂದ ಪುನಃ ತಿದ್ದಿಸಿದರು. ಒಟ್ಟು 210 ತೀರ್ಪುಗಳಲ್ಲಿ 92 ಬದಲಾದವು. ಅನುತ್ತೀರ್ಣನಾಗಿದ್ದವನು ಉತ್ತೀರ್ಣ, ಉತ್ತೀರ್ಣನಾಗಿದ್ದವನು ಅನುತ್ತೀರ್ಣ. ಪತ್ರಿಕೆ ಅದೇ, ತಿದ್ದಿದ ಕೈಯೂ ಅದೇ. 1935ರಲ್ಲಿ ಈ ವರದಿ ಅಚ್ಚಾಯಿತು.

ಸ್ವಾತಂತ್ರ್ಯ ಬಂದೊಡನೆ ನೇಮಕವಾದ ರಾಧಾಕೃಷ್ಣನ್ ಆಯೋಗವು (1948-49), ಉನ್ನತ ಶಿಕ್ಷಣದಲ್ಲಿ ಒಂದೇ ಒಂದು ಸುಧಾರಣೆಯನ್ನು ಹೇಳೆಂದರೆ ಪರೀಕ್ಷೆಯ ಸುಧಾರಣೆಯನ್ನೇ ಹೇಳುತ್ತೇವೆಂದಿತು. ಪ್ರತಿ ವಿಷಯದ ಅಂಕಗಳಲ್ಲಿ ಮೂರನೆಯ ಒಂದು ಪಾಲನ್ನು ತರಗತಿಯ ಕೆಲಸಕ್ಕೆ ಮೀಸಲಿಡಬೇಕೆಂದು ಸೂಚಿಸಿತು. ಅಧ್ಯಾಪಕನ ಮೇಲಣ ವಿಶ್ವಾಸ ಹೀಗೆ ಒಂದು ಭಿನ್ನರಾಶಿಯ ರೂಪ ತಾಳಿತು.

ಭಿನ್ನರಾಶಿ ಕಾಗದದ ಮೇಲಿದ್ದರೆ ಸಾಲದು. ಕೇಳುಗರು ಒಂದು ಸಣ್ಣ ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಆಂತರಿಕಕ್ಕೆ 40, ಪರೀಕ್ಷೆಗೆ 60 ಎಂದಿರಲಿ. ಒಬ್ಬಳು ಇಡೀ ಅವಧಿ ತಪ್ಪದೆ ಬಂದಳು, ಪ್ರಬಂಧ ಬರೆದಳು, ಚರ್ಚೆಯಲ್ಲಿ ಮಾತಾಡಿದಳು, ಅವಳಿಗೆ 39. ಇನ್ನೊಬ್ಬನ ಮುಖವನ್ನೇ ತರಗತಿ ಕಂಡದ್ದು ಅಪರೂಪ. ಪಾಪ, ಹೋಗಲಿ ಎಂದು ಅವನಿಗೂ 35. ಪರೀಕ್ಷೆಯಲ್ಲಿ ಅವಳಿಗೆ 30 ಬಂದಿತು, ಅವನಿಗೆ 36. ಕೂಡಿಸಿದರೆ ಅವಳದು 69, ಅವನದು 71. ಅವಧಿಯುದ್ದಕ್ಕೂ ಮಾಡಿದ ಕೆಲಸದ ಬೆಲೆ ನಾಲ್ಕೇ ಅಂಕವಾಯಿತು. ಮೂರು ಗಂಟೆಯದು ಆರಾಯಿತು. ಇಡೀ ತರಗತಿಯ ಆಂತರಿಕ ಅಂಕಗಳು 35ರಿಂದ 39ರೊಳಗೆ ಕಿಕ್ಕಿರಿದು, ಪರೀಕ್ಷೆಯ ಅಂಕಗಳು 15ರಿಂದ 50ರವರೆಗೆ ಹರಡಿಕೊಂಡಿದ್ದರೆ, ಯಾರು ಮುಂದೆ ಯಾರು ಹಿಂದೆ ಎಂಬುದನ್ನು ನಿರ್ಣಯಿಸುವುದು ಬಹುಮಟ್ಟಿಗೆ ಪರೀಕ್ಷೆಯೇ. ನಿಯಮ ನೂರಕ್ಕೆ ನಲವತ್ತು ಎನ್ನಲಿ, ಎಷ್ಟಾದರೂ ಎನ್ನಲಿ. ಅಂಕಗಳ ನಡುವೆ ಅಂತರವಿಲ್ಲದೆಡೆ ತೂಕವೂ ಇಲ್ಲ.

ಹಾಗಾದರೆ ಅಧ್ಯಾಪಕರೇಕೆ ಎಲ್ಲರಿಗೂ ಕೈತುಂಬ ಕೊಡುತ್ತಾರೆ? ಕರುಣೆಯಿಂದ ಎನ್ನುವವರುಂಟು. ನಾನು ಕಂಡಂತೆ ಕರುಣೆಗಿಂತ ಅಂಜಿಕೆಯೇ ಹೆಚ್ಚು. ಪಕ್ಕದ ಕಾಲೇಜಿನವರು ಧಾರಾಳವಾಗಿ ಕೊಟ್ಟರೆ ನಮ್ಮ ಮಕ್ಕಳಿಗೆ ನಷ್ಟವಲ್ಲವೇ ಎಂಬ ಅಂಜಿಕೆ. ಪೋಷಕರು ಬಂದು ಬಾಗಿಲಲ್ಲಿ ನಿಂತಾರೆಂಬ ಅಂಜಿಕೆ. ಕೆಲವೆಡೆ ಇದೇ ಅಂಕ ವಿದ್ಯಾರ್ಥಿಯ ಬಾಯಿ ಮುಚ್ಚಿಸುವ ಅಂಕುಶವಾಗಿರುವುದೂ ಸುಳ್ಳಲ್ಲ. ಅದನ್ನು ಬಲ್ಲ ವಿದ್ಯಾರ್ಥಿ, ಅಪರಿಚಿತ ಪರೀಕ್ಷಕನೇ ವಾಸಿಯೆಂದರೆ ಅವನನ್ನು ದೂರುವುದು ಹೇಗೆ?

ಕೊಠಾರಿ ಆಯೋಗ (1964-66) ಈ ಧಾರಾಳತನವನ್ನು ಚೆನ್ನಾಗಿ ಗುರುತಿಸಿತ್ತು. ಸಂಸ್ಥೆ ದುರ್ಬಲವಾದಷ್ಟೂ ಅದು ಕೊಡುವ ಆಂತರಿಕ ಅಂಕ ಉಬ್ಬುತ್ತದೆ. ಆದುದರಿಂದ ಆಂತರಿಕ ಹಾಗೂ ಬಾಹ್ಯ ಫಲಿತಾಂಶಗಳನ್ನು ಕೂಡಿಸದೆ ಬೇರೆಬೇರೆಯಾಗಿಯೇ ತೋರಿಸಬೇಕೆಂಬುದು ಅದರ ನಿಲುವು. ನನಗೆ ಇದು ರಾಧಾಕೃಷ್ಣನ್ ಆಯೋಗದ ಭಿನ್ನರಾಶಿಗಿಂತ ವಿವೇಕದ ಮಾತಾಗಿ ತೋರುತ್ತದೆ. ತರಗತಿಯ ದುಡಿಮೆ ಒಂದು ಗುಣ, ಪರೀಕ್ಷೆಯ ಚುರುಕು ಇನ್ನೊಂದು ಗುಣ. ಸೇರಿಗೂ ಗಜಕ್ಕೂ ಮೊತ್ತ ಹಾಕುವವರುಂಟೇ?

ಆದರೆ ನಡೆದುದು ಬೇರೆ. ಒಂದು ಸ್ಥಾನಕ್ಕೆ ನೂರು ಅರ್ಜಿ ಬರುವ ದೇಶದಲ್ಲಿ ಆಯುವವರಿಗೆ ಒಂದೇ ಸಂಖ್ಯೆ ಬೇಕು, ಎರಡು ಸಂಖ್ಯೆಗಳನ್ನು ತೂಗಿನೋಡುವ ವ್ಯವಧಾನವಿಲ್ಲ. 2015ರಲ್ಲಿ ಧನಸಹಾಯ ಆಯೋಗ ಹತ್ತು ಅಂಶಗಳ ಗ್ರೇಡು ಪದ್ಧತಿಯನ್ನು ಸೂಚಿಸಿತು. 2021ರಲ್ಲಿ ಹೊಸ ಶಿಕ್ಷಣ ನೀತಿ ಜಾರಿಯಾದಾಗ ಕರ್ನಾಟಕದ ಪದವಿ ತರಗತಿಗಳಲ್ಲಿ ಆಂತರಿಕದ ಪಾಲು ನೂರಕ್ಕೆ 40ಕ್ಕೆ ಏರಿತು. ಮೊದಲು ಎರಡು ಅಂಕಗಳನ್ನು ಕೂಡಿಸಿ, ಆಮೇಲೆ ಮೊತ್ತವನ್ನು ಅಕ್ಷರಕ್ಕಿಳಿಸಿದಾಗ, 69 ಬಂದ ಆ ಹುಡುಗಿಯೂ 71 ಬಂದ ಆ ಹುಡುಗನೂ ಗಡಿರೇಖೆ 70ರಲ್ಲಿದ್ದರೆ ಬೇರೆಬೇರೆ ಗ್ರೇಡಿನವರಾಗುತ್ತಾರೆ. ಕೊಠಾರಿಯವರು ಬಯಸಿದ್ದ ಆ ಎರಡು ಅಂಕಗಳು ಅಂಕಪಟ್ಟಿಯಲ್ಲೇನೋ ಅಚ್ಚಾಗಿರುತ್ತವೆ. ಸಂದರ್ಶನಕ್ಕೆ ಕರೆಯುವ ಅಧಿಕಾರಿಯ ಬೆರಳು ಮಾತ್ರ ನೇರವಾಗಿ ಗ್ರೇಡಿನ ಮೇಲೆಯೇ ಹೋಗಿ ನಿಲ್ಲುತ್ತದೆ.