ಹ್ಯಾರಿಯೆಟ್ ಪವರ್ಸಳ ಕೌದಿಗಳು

ಮನೆಯಲ್ಲಿ ಕೈಯಿಂದ ಹೊಲಿದ ಕೌದಿಯು ಬಹುಕಾಲ ಬಾಳುವ ವಸ್ತುವಲ್ಲ. ಹೊಸದಾಗಿರುವಾಗ ಅದು ಹೊದಿಕೆ; ಸವೆದ ಮೇಲೆ ಕೂಸಿನ ಹಾಸು; ಇನ್ನೂ ಹರಿದ ಮೇಲೆ ಬಂಡಿಯ ತಳಕ್ಕೆ ಹಾಸುವ ಚಿಂದಿ. ಅದರ ಮೇಲೆ ಹೊಲಿದವಳ ಹೆಸರು ಇರುವುದಂತೂ ಬಹು ಅಪೂರ್ವ. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ, ಎಂದರೆ ೧೮೬೧ರಿಂದ ೧೮೬೫ರ ವರೆಗೆ, ಉತ್ತರ ಸಂಸ್ಥಾನಗಳ ಸ್ತ್ರೀಯರು ಸೈನಿಕರಿಗಾಗಿಯೂ ಆಸ್ಪತ್ರೆಗಳಿಗಾಗಿಯೂ ಹೊಲಿದು ಕಳುಹಿಸಿದ ಕೌದಿಗಳೂ ದಪ್ಪ ಹೊದಿಕೆಗಳೂ ಸೇರಿ ಎರಡೂವರೆ ಲಕ್ಷದಷ್ಟು ಇದ್ದುವೆಂದು ವಿದ್ವಾಂಸರು ಅಂದಾಜು ಮಾಡಿರುವರು. ಅವುಗಳಲ್ಲಿ ಇಂದು ಗುರುತಿಗೆ ಸಿಕ್ಕುವುವು ಬೆರಳೆಣಿಕೆಯಷ್ಟು. ಇಂತಹ ವಸ್ತುವಿನ ಚರಿತ್ರೆಯನ್ನು ಬರೆಯಹೊರಟವರು ಉಳಿದುದಕ್ಕಿಂತಲೂ ಹೆಚ್ಚಾಗಿ ಕಳೆದುಹೋದುದನ್ನೇ ಅರಸಬೇಕಾಗುತ್ತದೆ. ಹಾಗೆ ಅರಸುತ್ತಿರುವ ಕೌದಿಗಳಲ್ಲಿ ಜಾರ್ಜಿಯಾ ಸಂಸ್ಥಾನದ ಹ್ಯಾರಿಯೆಟ್ ಪವರ್ಸಳವು ಮುಖ್ಯವಾದುವು.

ಈಕೆಯು ೧೮೩೭ನೆಯ ಇಸವಿ ಅಕ್ಟೋಬರ್ ೨೯ರಂದು ಅಥೆನ್ಸ್ ಪಟ್ಟಣದ ಸಮೀಪದಲ್ಲಿ ಗುಲಾಮಳಾಗಿ ಹುಟ್ಟಿದಳು. ೧೮೫೫ರಲ್ಲಿ ಆರ್ಮ್‌ಸ್ಟೆಡ್ ಪವರ್ಸನನ್ನು ಮದುವೆಯಾದಳು. ಒಂಬತ್ತು ಮಕ್ಕಳಾದರೂ ಆಕೆಗೆ ಹುಟ್ಟಿದುವು. ಅಂತರ್ಯುದ್ಧವು ಮುಗಿದು ಗುಲಾಮತನವು ಅಳಿದಾಗ ಆಕೆಗೆ ಇಪ್ಪತ್ತೆಂಟು ವರ್ಷ. ೧೮೮೦ರ ದಶಕದಲ್ಲಿ ದಂಪತಿಗಳು ನಾಲ್ಕು ಎಕರೆ ನೆಲವನ್ನು ಸಂಪಾದಿಸಿ ಬೇಸಾಯ ಮಾಡುತ್ತಿದ್ದರು. ತಾವೇ ಮಾರಾಟದ ಸರಕಾಗಿದ್ದವರಿಗೆ ಸ್ವಂತದ ನಾಲ್ಕು ಎಕರೆಯೆಂಬುದು ಅಲ್ಪವಾದ ಮಾತಲ್ಲ.

ಆಕೆಯು ಹೊಲಿಯುತ್ತಿದ್ದ ಕ್ರಮವು ಬಯಲುಸೀಮೆಯ ಕೌದಿಯ ಕ್ರಮಕ್ಕಿಂತ ಸ್ವಲ್ಪ ಬೇರೆ. ಇಲ್ಲಿ ಹಳೆಯ ಸೀರೆ ಧೋತರಗಳ ತುಂಡುಗಳನ್ನು ಪದರ ಪದರವಾಗಿ ಜೋಡಿಸಿ, ಉದ್ದಕ್ಕೂ ದಾರವೆಳೆದು ಹೊಲಿಯುತ್ತಾರೆ. ಹೊಲಿಗೆಯ ಸಾಲೇ ಅದರ ಅಲಂಕಾರ. ಪವರ್ಸಳಾದರೋ ಮನುಷ್ಯರ, ಮೃಗಗಳ, ನಕ್ಷತ್ರಗಳ ಆಕಾರದಲ್ಲಿ ಬಟ್ಟೆಯನ್ನು ಕತ್ತರಿಸಿ, ಬೇರೊಂದು ಬಣ್ಣದ ಬಟ್ಟೆಯ ಮೇಲಿಟ್ಟು, ಅಂಚನ್ನು ಹೊಲಿದು, ಅಂಕಣ ಅಂಕಣವಾಗಿ ಕಥೆಯನ್ನು ಹೇಳಿದಳು. ಹೆಚ್ಚಿನದು ಕೈಹೊಲಿಗೆ, ಕೆಲವೆಡೆ ಯಂತ್ರದ ಹೊಲಿಗೆಯೂ ಉಂಟು.

೧೮೮೬ರಲ್ಲಿ ಅಥೆನ್ಸಿನಲ್ಲಿ ಹತ್ತಿಯ ಜಾತ್ರೆಯೊಂದು ನಡೆಯಿತು. ಅಲ್ಲಿ ಪವರ್ಸಳು ಸತ್ಯವೇದದ ಕಥೆಗಳುಳ್ಳ ಒಂದು ಕೌದಿಯನ್ನು ಪ್ರದರ್ಶನಕ್ಕಿಟ್ಟಿದ್ದಳು. ಅದೇ ಊರಿನ ಲೂಸಿ ಕಾಬ್ ವಿದ್ಯಾಶಾಲೆಯಲ್ಲಿ ಚಿತ್ರಕಲೆಯ ಉಪಾಧ್ಯಾಯಿನಿಯಾಗಿದ್ದ ಜೆನ್ನಿ ಸ್ಮಿತ್ ಎಂಬವಳು ಅದನ್ನು ಕಂಡು ಬೆರಗಾದಳು. ಹೊಲಿದವಳು ಯಾರೆಂದು ವಿಚಾರಿಸಿ, ಹುಡುಕಿಕೊಂಡು ಹೋಗಿ, ಕ್ರಯಕ್ಕೆ ಕೇಳಿದಳು. ಎಷ್ಟು ಕೊಟ್ಟರೂ ಮಾರುವುದಿಲ್ಲವೆಂದು ಪವರ್ಸಳು ಹೇಳಿಬಿಟ್ಟಳು. ಕೆಲವು ವರ್ಷಗಳು ಕಳೆದುವು. ಹತ್ತಿಯ ಬೆಲೆಯು ಇಳಿಯಿತು. ಕಷ್ಟದ ದಿನಗಳು ಬಂದುವು. ಕೌದಿಯನ್ನು ಕೊಡಲು ಸಿದ್ಧಳಾಗಿರುವೆನೆಂದು ಪವರ್ಸಳು ಹೇಳಿಕಳುಹಿಸಿದಾಗ ಸ್ಮಿತ್‌ಳ ಕೈಯಲ್ಲಿಯೇ ಹಣವಿರಲಿಲ್ಲ. ಕೊನೆಗೆ ೧೮೯೧ರ ಸುಮಾರಿಗೆ ಸ್ಮಿತ್‌ಳೇ ಹೇಳಿಕಳುಹಿಸಲು, ದಂಪತಿಗಳು ಎತ್ತಿನ ಬಂಡಿಯಲ್ಲಿ ಬಂದರು. ಕೌದಿಯು ಪವರ್ಸಳ ಮಡಿಲಿನಲ್ಲಿತ್ತು. ಶುಭ್ರವಾದ ಹಿಟ್ಟಿನ ಚೀಲವೊಂದರಲ್ಲಿ ಅದನ್ನಿಟ್ಟು, ಅದರ ಮೇಲೆ ಒರಟು ಗೋಣಿಯನ್ನು ಸುತ್ತಿದ್ದಳು. ಆಕೆ ಕೇಳಿದುದು ಹತ್ತು ಡಾಲರು. ಸ್ಮಿತ್ ಕೊಡಬಲ್ಲೆನೆಂದುದು ಐದು. ಪವರ್ಸಳು ಹೊರಗೆ ಹೋಗಿ ಗಂಡನೊಡನೆ ಆಲೋಚಿಸಿ ಬಂದಳು. ಕಾಲವು ಕಠಿಣವಾಗಿರುವುದರಿಂದ ಐದಕ್ಕೇ ಕೊಡಬೇಕೆಂದು ಗಂಡನು ಹೇಳಿದನೆಂದಳು.

ಕೊಟ್ಟುಬಿಟ್ಟು ಸುಮ್ಮನೆ ಹೋಗಲಿಲ್ಲ. ಒಂದೊಂದು ಅಂಕಣವನ್ನೂ ತೋರಿಸಿ ಅದರ ಅರ್ಥವನ್ನು ವಿವರಿಸಿದಳು. ಸ್ಮಿತ್‌ಳು ಅದನ್ನು ಬರೆದಿಟ್ಟಳು. ಆ ಮೇಲೆಯೂ ಹಲವು ಬಾರಿ ಪವರ್ಸಳು ತನ್ನ ಕೌದಿಯನ್ನು ನೋಡಿಕೊಂಡು ಹೋಗಲು ಬರುತ್ತಿದ್ದಳು. ಐದು ಡಾಲರಿನ ಈ ವ್ಯಾಪಾರವನ್ನು ಅನ್ಯಾಯವೆಂದು ಖಂಡಿಸಿದವರುಂಟು. ಅದು ನ್ಯಾಯವಾದ ಬೆಲೆಯಲ್ಲವೆಂಬುದರಲ್ಲಿ ಸಂಶಯವಿಲ್ಲ. ಆದರೆ ಆ ಉಪಾಧ್ಯಾಯಿನಿಯು ಬರೆದಿಟ್ಟ ಹಾಳೆಗಳಿಲ್ಲದಿದ್ದರೆ ಪವರ್ಸಳ ಹೆಸರೂ ಆಕೆಯ ಮಾತೂ ಕೌದಿಯಿಂದ ಬೇರ್ಪಟ್ಟು ಹೋಗುತ್ತಿದ್ದುವು, ಇದನ್ನೂ ಹೇಳಲೇಬೇಕು. ಕೊಂಡವಳು ಬಡತನದ ಲಾಭವನ್ನು ಪಡೆದಳು, ಅದರೊಡನೆ ಬೇರೆ ಯಾರೂ ಮಾಡದ ಕೆಲಸವನ್ನೂ ಮಾಡಿದಳು.

ಆ ಕೌದಿಯಲ್ಲಿ ಹನ್ನೊಂದು ಅಂಕಣಗಳು, ಬಿಡಿಯಾಗಿ ಕತ್ತರಿಸಿದ ೨೯೯ ಬಟ್ಟೆಯ ತುಂಡುಗಳು. ಅಗಲವು ಏಳೂವರೆ ಅಡಿಯಷ್ಟು, ಎತ್ತರವು ಆರು ಅಡಿಗಿಂತ ತುಸು ಹೆಚ್ಚು. ಏದೆನ್ ತೋಟದ ಆದಾಮ ಹವ್ವರು, ತಮ್ಮನನ್ನು ಕೊಲ್ಲುವ ಕಾಯಿನ, ಯಾಕೋಬನ ಕನಸು, ಏಳು ನಕ್ಷತ್ರಗಳ ನಡುವಿನ ಸೈತಾನ, ಮೂವತ್ತು ಬೆಳ್ಳಿಯ ನಾಣ್ಯಗಳೊಡನೆ ಯೂದ, ಶಿಲುಬೆ, ಪ್ರಭುವಿನ ಕಡೆಯ ಭೋಜನ, ಪವಿತ್ರ ಕುಟುಂಬ ಮೊದಲಾದುವು ಅದರಲ್ಲಿ ಇವೆ. ೧೮೯೫ರಲ್ಲಿ ಅಟ್ಲಾಂಟ ನಗರದಲ್ಲಿ ಹತ್ತಿ ಬೆಳೆಯುವ ಸಂಸ್ಥಾನಗಳ ಮಹಾಪ್ರದರ್ಶನವು ಜರುಗಿದಾಗ ಸ್ಮಿತ್‌ಳು ಇದನ್ನು ಅಲ್ಲಿ ತೋರಿಸಿದಳು. ಅನಂತರ ಅದು ಸುಮಾರು ಅರ್ಧಶತಮಾನದ ಕಾಲ ಆಕೆಯ ಬಳಿಯಲ್ಲಿಯೇ ಇತ್ತು. ೧೯೪೬ರಲ್ಲಿ ಆಕೆ ತೀರಿಕೊಂಡ ಬಳಿಕ, ಆಕೆಯ ಆಸ್ತಿಯ ವಿಲೇವಾರಿಯನ್ನು ವಹಿಸಿಕೊಂಡಿದ್ದ ಹ್ಯಾಲ್ ಹೆಕ್‌ಮನ್ ಎಂಬ ಸ್ನೇಹಿತನು ಅದನ್ನು ತನ್ನಲ್ಲಿಟ್ಟುಕೊಂಡು, ೧೯೬೮ರಲ್ಲಿ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆಗೆ ಒಪ್ಪಿಸಿದನು.

ಎರಡನೆಯ ಕೌದಿಯ ದಾರಿಯೇ ಬೇರೆ. ಅದು ೧೮೯೫ರಿಂದ ೧೮೯೮ರ ಒಳಗೆ ಸಿದ್ಧವಾದುದು. ಅಟ್ಲಾಂಟ ವಿಶ್ವವಿದ್ಯಾನಿಲಯದ ಅಧ್ಯಾಪಕರ ಪತ್ನಿಯರು ಅದನ್ನು ಮಾಡಿಸಿ, ಆ ವಿದ್ಯಾಸಂಸ್ಥೆಯ ಧರ್ಮದರ್ಶಿಯಾಗಿದ್ದ ಪಾದ್ರಿ ಚಾರ್ಲ್ಸ್ ಕತ್‌ಬರ್ಟ್ ಹಾಲ್ ಎಂಬವನಿಗೆ ಕಾಣಿಕೆಯಾಗಿತ್ತರೆಂಬುದು ಪ್ರಚಲಿತವಾದ ವೃತ್ತಾಂತ. ಆತನಿಂದ ಮಗನಿಗೂ, ಮಗನಿಂದ ಮ್ಯಾಕ್ಸಿಂ ಕರೋಲಿಕ್ ಎಂಬ ಸಂಗ್ರಾಹಕನಿಗೂ ದಾಟಿ, ೧೯೬೪ರಲ್ಲಿ ಅದು ಬಾಸ್ಟನ್ನಿನ ಲಲಿತಕಲೆಗಳ ವಸ್ತುಸಂಗ್ರಹಾಲಯವನ್ನು ಸೇರಿತು. ಇದರಲ್ಲಿ ಹದಿನೈದು ಅಂಕಣಗಳು. ಯೋಬನ ಪ್ರಾರ್ಥನೆ, ಮೋಶೆಯ ಸರ್ಪ, ಯೋನನನ್ನು ನುಂಗಿದ ಮೀನು ಇವುಗಳ ಜೊತೆಯಲ್ಲಿಯೇ ಲೌಕಿಕ ಸಂಗತಿಗಳೂ ಸೇರಿಕೊಂಡಿವೆ. ೧೭೮೦ರ ಮೇ ೧೯ರಂದು ಹಗಲಿನಲ್ಲಿಯೇ ಕತ್ತಲೆ ಕವಿದುದು, ೧೮೩೩ರ ನವೆಂಬರ್ ೧೩ರಂದು ಆಕಾಶದಿಂದ ಉಲ್ಕೆಗಳು ಮಳೆಯಂತೆ ಸುರಿದುದು, ೧೮೯೫ರ ಫೆಬ್ರವರಿ ೧೦ರ ಭಯಂಕರವಾದ ಚಳಿ, ಜಾರ್ಜಿಯಾದಿಂದ ವರ್ಜೀನಿಯಾಕ್ಕೆ ಐನೂರು ಮೈಲಿ ಓಡಿದ ಬೆಟ್ಸ್ ಎಂಬ ಹಂದಿ. ಮೊದಲನೆಯ ಘಟನೆಯು ಆಕೆ ಹುಟ್ಟುವುದಕ್ಕೆ ಐವತ್ತೇಳು ವರ್ಷ ಮೊದಲು, ಎರಡನೆಯದು ನಾಲ್ಕು ವರ್ಷ ಮೊದಲು ನಡೆದುದು. ಅವು ಆಕೆಗೆ ತಿಳಿದುದು ಹಿರಿಯರ ಬಾಯಿಂದ. ಓದುಬರಹವನ್ನು ನಿಷೇಧಿಸಲ್ಪಟ್ಟಿದ್ದ ಜನವು ತನ್ನ ಕಾಲಗಣನೆಯನ್ನು ಹೇಗೆ ಕಾಪಾಡಿಕೊಂಡು ಬಂದಿತೆಂಬುದಕ್ಕೆ ಈ ಕೌದಿಗಿಂತ ಒಳ್ಳೆಯ ಸಾಕ್ಷ್ಯವು ದೊರೆಯುವುದು ಕಷ್ಟ. ಹಂದಿಯ ಕಥೆಯಲ್ಲಿ ಒಡೆಯರಿಂದ ತಪ್ಪಿಸಿಕೊಂಡು ಓಡಿದವರ ನೆನಪು ಅಡಗಿದೆಯೆಂದು ಕೆಲವರು ಊಹಿಸುವರು. ಊಹೆಯು ಸೊಗಸಾಗಿದೆ, ಹಂದಿಯು ಹಂದಿಯೇ ಆಗಿದ್ದಿರಲೂಬಹುದು.

ಈ ಎರಡೂ ಕೌದಿಗಳು ದೊಡ್ಡ ಸಂಗ್ರಹಾಲಯಗಳನ್ನು ಸೇರಿದ ಮೇಲೆಯೂ ಅವುಗಳನ್ನು ಹೊಲಿದವಳ ಜೀವನವು ಮಸುಕಾಗಿಯೇ ಇತ್ತು. ೧೯೭೬ರಲ್ಲಿ ಗ್ಲ್ಯಾಡಿಸ್-ಮೇರಿ ಫ್ರೈ ಎಂಬ ಜಾನಪದ ವಿದ್ವಾಂಸಳು ಆಕೆಯನ್ನು ಕುರಿತು ಪ್ರಬಂಧವನ್ನು ಪ್ರಕಟಿಸಿದಳು. ಆದರೂ ಪವರ್ಸಳಿಗೆ ಓದು ಬಾರದೆಂಬುದೂ, ೧೯೧೧ರಲ್ಲಿ ತೀರಿಕೊಂಡಳೆಂಬುದೂ ಪುಸ್ತಕದಿಂದ ಪುಸ್ತಕಕ್ಕೆ ಸಾಗಿಬಂದುವು. ೨೦೦೫ರಲ್ಲಿ ಅಥೆನ್ಸಿನ ಗಾಸ್ಪೆಲ್ ಪಿಲ್‌ಗ್ರಿಂ ಎಂಬ ಸ್ಮಶಾನದಲ್ಲಿ ಆಕೆಯ ಸಮಾಧಿಯ ಕಲ್ಲು ಕಣ್ಣಿಗೆ ಬಿದ್ದಿತು. ಮರಣದ ದಿನವು ೧೯೧೦ನೆಯ ಜನವರಿ ೧ ಎಂದು ಆಗ ಗೊತ್ತಾಯಿತು.

ಓದಿನ ವಿಷಯವು ತಪ್ಪೆಂದು ತೋರಿಸಿದುದು ಒಂದು ಪತ್ರ. ಕೈರಾ ಹಿಕ್ಸ್ ಎಂಬ ಸಂಶೋಧಕಿಯು ಪವರ್ಸಳ ಕೌದಿಗಳ ಒಡೆತನವು ಕೈಯಿಂದ ಕೈಗೆ ದಾಟಿದ ಬಗೆಯನ್ನು ಬೆನ್ನುಹತ್ತಿ ಹೋಗಿ, ೨೦೦೯ರಲ್ಲಿ ಅದನ್ನು ಬೆಳಕಿಗೆ ತಂದಳು. ಅಯೋವಾ ಸಂಸ್ಥಾನದ ಕಿಯೊಕಕ್ ಪಟ್ಟಣದ ಲೊರೀನ್ ಡೈವರ್ ಎಂಬವಳಿಗೆ ೧೮೯೬ರಲ್ಲಿ ಪವರ್ಸಳು ಬರೆದ ಪತ್ರದ ಪ್ರತಿ ಅದು. ಬಿಳಿಯರ ಮಕ್ಕಳ ಸಹಾಯದಿಂದ ತಾನು ಅಕ್ಷರ ಕಲಿತ ಬಗೆಯನ್ನು ಅದರಲ್ಲಿ ಆಕೆ ಹೇಳಿಕೊಂಡಿರುವಳು. ಗುಲಾಮರಿಗೆ ಓದು ಕಲಿಸುವುದು ಜಾರ್ಜಿಯಾದಲ್ಲಿ ೧೮೨೯ರಿಂದಲೇ ಶಿಕ್ಷಾರ್ಹವಾಗಿತ್ತು; ಮಕ್ಕಳಿಗೆ ಆ ಕಾನೂನಿನ ಗೊಡವೆಯೇನು? ಅದೇ ಪತ್ರದಲ್ಲಿ ಕಡಮೆಯೆಂದರೆ ನಾಲ್ಕು ಕೌದಿಗಳ ಮಾತಿದೆ. ವಜ್ರದಾಕಾರದ ಸಾವಿರಾರು ತುಂಡುಗಳನ್ನು ಜೋಡಿಸಿದುದನ್ನೂ, ಪ್ರಭುವಿನ ಭೋಜನವನ್ನು ಚಿತ್ರಿಸುವ ಬೇರೊಂದು ಕೌದಿಯನ್ನೂ ಆಕೆ ಹೆಮ್ಮೆಯಿಂದ ಹೇಳಿರುವಳು. ವಾಷಿಂಗ್ಟನ್ನಿನಲ್ಲಿಯೂ ಬಾಸ್ಟನ್ನಿನಲ್ಲಿಯೂ ಇರುವುವು ಎರಡೇ. ಉಳಿದುವು ಎಲ್ಲಿ ಹೋದುವು?

ಪತ್ರವು ಕಾಣುವವರೆಗೆ ಈ ಪ್ರಶ್ನೆಯನ್ನು ಕೇಳುವುದಕ್ಕೂ ಆಧಾರವಿರಲಿಲ್ಲ. ಇಲ್ಲವೆಂದೇ ತಿಳಿಯದ ವಸ್ತುವನ್ನು ಯಾರು ಹುಡುಕುವರು? ಕಳವಾದ ಆಭರಣಕ್ಕೆ ತೂಕವುಂಟು, ಮಾಟವುಂಟು, ಅಕ್ಕಸಾಲೆಯ ಗುರುತುಂಟು. ಬಡವರ ಮನೆಯಿಂದ ಹೊರಬಿದ್ದ ಕೌದಿಗೆ ಇವಾವುವೂ ಇಲ್ಲ. ೧೮೯೦ರ ದಶಕದಲ್ಲಿ ಪವರ್ಸರ ನಾಲ್ಕು ಎಕರೆಯು ತುಂಡುತುಂಡಾಗಿ ಪರರ ಪಾಲಾಗತೊಡಗಿತು. ಅಂತಹ ಕಾಲದಲ್ಲಿ ಹೊದಿಕೆಯೊಂದು ಮಾರಿಹೋಯಿತೋ, ಮಕ್ಕಳ ಮನೆಗೆ ಹೋಗಿ ಹೊದೆದು ಹರಿಯಿತೋ, ಯಾರಾದರೂ ಎತ್ತಿಕೊಂಡು ಹೋದರೋ ಎಂದು ಬರೆದಿಡುವ ಲೆಕ್ಕದ ಪುಸ್ತಕವಿಲ್ಲ. ಆ ಕಾಲದಲ್ಲಿ ತೆಗೆಯಿಸಿದ ಭಾವಚಿತ್ರವೊಂದರಲ್ಲಿ ಪವರ್ಸಳು ಚಂದ್ರ, ಶಿಲುಬೆ, ನಕ್ಷತ್ರಗಳನ್ನು ಹೊಲಿದ ಮುಂಬಟ್ಟೆಯೊಂದನ್ನು ಸೊಂಟಕ್ಕೆ ಕಟ್ಟಿಕೊಂಡು ನಿಂತಿರುವಳು. ಅದನ್ನೂ ಚಿತ್ರದಲ್ಲಿ ಮಾತ್ರ ನೋಡಬೇಕಾಗಿದೆ.

ಇಂತಹ ಹುಡುಕಾಟಕ್ಕೆ ಅಮೆರಿಕದಲ್ಲಿ ಒಂದು ಕ್ರಮವು ಬಂದುದು ೧೯೮೧ರಲ್ಲಿ. ಆ ವರ್ಷ ಕೆಂಟಕಿ ಸಂಸ್ಥಾನದ ಕೆಲವರು ಊರೂರಿಗೆ ಹೋಗಿ, ಮನೆಯಲ್ಲಿರುವ ಹಳೆಯ ಕೌದಿಗಳನ್ನು ತಂದು ತೋರಿಸಬೇಕೆಂದು ಜನರನ್ನು ಕೇಳಿಕೊಂಡರು. ತಂದುದನ್ನು ಅಳೆದು, ಚಿತ್ರ ತೆಗೆದು, ಹೊಲಿದವಳಾರು, ಯಾವ ಊರು, ಯಾರಿಂದ ಯಾರಿಗೆ ಬಂದಿತು ಎಂಬುದನ್ನು ಬರೆದುಕೊಂಡು ಹಿಂದಿರುಗಿಸಿದರು. ಜಾರ್ಜಿಯಾ ಸೇರಿ ಇತರ ಸಂಸ್ಥಾನಗಳೂ ಇದನ್ನೇ ಅನುಸರಿಸಿದುವು. ವಸ್ತುವನ್ನು ಕಸಿದುಕೊಳ್ಳದೆ ವಿವರವನ್ನು ಮಾತ್ರ ಸಂಗ್ರಹಿಸುವ ಈ ಪದ್ಧತಿಯು ಬಹು ವಿವೇಕದ್ದು. ಪವರ್ಸಳ ಪ್ರಭುಭೋಜನದ ಕೌದಿಯು ಎಲ್ಲಾದರೂ ಪೆಟ್ಟಿಗೆಯ ತಳದಲ್ಲಿದ್ದರೆ ಅದನ್ನು ಗುರುತಿಸುವುದು ಅಸಾಧ್ಯವಲ್ಲ. ಆಕೆಯ ಕತ್ತರಿಯು ಕತ್ತರಿಸುತ್ತಿದ್ದ ಮನುಷ್ಯಾಕೃತಿಗಳನ್ನು ಒಮ್ಮೆ ಕಂಡವರು ಮರೆಯುವುದಿಲ್ಲ. ವಜ್ರಾಕಾರದ ತುಂಡುಗಳ ಕೌದಿಯ ಗತಿಯು ಕಷ್ಟವಾದುದು. ಆ ಮಾದರಿಯವು ಅಲ್ಲಿ ಮನೆಮನೆಯಲ್ಲಿಯೂ ಇದ್ದುವು. ಹೆಸರಿನ ಚೀಟಿಯಿಲ್ಲದೆ ಅದು ಕಣ್ಣೆದುರಿಗಿದ್ದರೂ ಕಾಣದು.

ಇದ್ದ ಕೌದಿಗೂ ೧೯೯೨ರಲ್ಲಿ ಒಂದು ವಿಚಿತ್ರವಾದ ಪ್ರಸಂಗವು ಒದಗಿತು. ಸ್ಮಿತ್‌ಸೋನಿಯನ್ ಸಂಸ್ಥೆಯು ತನ್ನಲ್ಲಿದ್ದ ಕೆಲವು ಕೌದಿಗಳ ಪ್ರತಿರೂಪಗಳನ್ನು ತಯಾರಿಸಿ ಮಾರಲು ಅನುಮತಿಯನ್ನಿತ್ತಿತ್ತು. ಪವರ್ಸಳದೂ ಅವುಗಳಲ್ಲಿ ಒಂದು. ಅವು ಚೀನಾ ದೇಶದಲ್ಲಿ ಅಗ್ಗದ ಕೂಲಿಗೆ ಹೊಲಿಸಲ್ಪಟ್ಟು ಅಂಗಡಿಗಳಿಗೆ ಬಂದಾಗ ಅಮೆರಿಕದ ಕೌದಿಗಾರ್ತಿಯರು ರೇಗಿ ಪ್ರತಿಭಟಿಸಿದರು. ಐದು ಡಾಲರಿಗೆ ಹೋದುದರ ನಕಲನ್ನು ಹೊಲಿದ ಚೀನಾದ ಹೆಂಗಸರ ಹೆಸರನ್ನು ಮಾತ್ರ ಈ ಗದ್ದಲದಲ್ಲಿ ಯಾರೂ ಕೇಳಿದಂತೆ ತೋರುವುದಿಲ್ಲ.

೨೦೨೧ರ ಅಕ್ಟೋಬರಿನಲ್ಲಿ ಬಾಸ್ಟನ್ನಿನ ಸಂಗ್ರಹಾಲಯವು ಅಮೆರಿಕದ ಕೌದಿಗಳ ದೊಡ್ಡ ಪ್ರದರ್ಶನವನ್ನು ಏರ್ಪಡಿಸಿತು. ವಾಷಿಂಗ್ಟನ್ನಿನಿಂದ ಸತ್ಯವೇದದ ಕೌದಿಯು ಅದಕ್ಕಾಗಿ ಬಂದಿತು. ಒಂದೇ ಕೈಯಿಂದ ಹುಟ್ಟಿದ ಎರಡು ಕೌದಿಗಳೂ ಆಗ ಮೊದಲನೆಯ ಸಲ ಒಂದೇ ಕಡೆ ಜನರ ದೃಷ್ಟಿಗೆ ಬಿದ್ದುವು. ೨೦೨೨ರ ಜನವರಿಯಲ್ಲಿ ಪ್ರದರ್ಶನವು ಮುಗಿಯಿತು. ಕಿಯೊಕಕ್ಕಿಗೆ ಬರೆದ ಪತ್ರದಲ್ಲಿ ಹೆಸರಿಸಿದ ಉಳಿದ ಕೌದಿಗಳ ಹುಡುಕಾಟವು ಮುಗಿದಿಲ್ಲ.