ಕಣ್ಣಿನ ಗಳಿಗೆ, ಕಿವಿಯ ಗಳಿಗೆ

ಕಾಲವನ್ನು ಅಳೆಯಹೊರಟ ನಮ್ಮ ಪೂರ್ವಿಕರು ಮೊದಲ ಅಳತೆಗೋಲನ್ನು ಹೊರಗೆಲ್ಲೂ ಹುಡುಕಲಿಲ್ಲ, ತಮ್ಮ ಮೈಯಲ್ಲಿಯೇ ಕಂಡುಕೊಂಡರು. ನಿಮಿಷವೆಂದರೆ ಕಣ್ಣಿನ ರೆಪ್ಪೆ ಬಡಿಯುವಷ್ಟು ಹೊತ್ತು. ಈಗ ಆ ಹೆಸರನ್ನು ಅರುವತ್ತು ಸೆಕೆಂಡುಗಳಿಗೆ ಇಟ್ಟುಕೊಂಡಿದ್ದೇವೆ. ಆದರೂ ಪದ ಹುಟ್ಟಿದ್ದು ಕಣ್ಣಿನಲ್ಲಿಯೇ. ಆರ್ಯಭಟನು ಹೇಳುವ ಅಳತೆ ಇನ್ನೊಂದು ಬಗೆಯದು. ಅರುವತ್ತು ಗುರ್ವಕ್ಷರಗಳನ್ನು ಉಚ್ಚರಿಸಲು ಹಿಡಿಯುವ ಹೊತ್ತು ಒಂದು ವಿನಾಡಿ, ಎಂದರೆ ನಮ್ಮ 24 ಸೆಕೆಂಡು. ಇದು ನಾಲಗೆ ನುಡಿದು ಕಿವಿ ಕೇಳುವ ಕಾಲ. ಒಂದು ಕಣ್ಣಿನ ಗಳಿಗೆ, ಮತ್ತೊಂದು ಕಿವಿಯ ಗಳಿಗೆ. ಇವೆರಡೂ ಒಂದೇ ಮನಸ್ಸಿನಲ್ಲಿ ಒಂದೇ ಕ್ಷಣದಲ್ಲಿ ಕೂಡುತ್ತವೆಯೆ?

ಕೂಡುತ್ತವೆಂದೇ ಲೋಕ ಬಹುಕಾಲ ನಂಬಿತ್ತು. ಆ ನಂಬಿಕೆ ಮೊದಲು ಅಲುಗಾಡಿದ್ದು ಇಂಗ್ಲೆಂಡಿನ ಗ್ರೀನಿಚ್ ವೀಕ್ಷಣಾಲಯದಲ್ಲಿ. ಅಲುಗಾಡುವ ಮೊದಲು ಅದು ಒಬ್ಬ ಸಾಮಾನ್ಯ ಸಹಾಯಕನ ಅನ್ನವನ್ನು ಕಿತ್ತುಕೊಂಡಿತ್ತು.

ಗ್ರೀನಿಚ್ ವೀಕ್ಷಣಾಲಯ 1675ರಲ್ಲಿ ಸ್ಥಾಪನೆಯಾದದ್ದು ನಕ್ಷತ್ರಗಳ ಚೆಲುವನ್ನು ನೋಡಿ ಸುಖಿಸಲೆಂದಲ್ಲ. ನಡುಗಡಲಿನಲ್ಲಿರುವ ನಾವಿಕನಿಗೆ ತಾನೆಲ್ಲಿದ್ದೇನೆಂದು ತಿಳಿಯಬೇಕು. ಅದಕ್ಕೆ ಆಕಾಶದ ನಿಖರವಾದ ಪಟ್ಟಿ ಬೇಕು. ಪಟ್ಟಿಗೆ ಬೇಕಾದದ್ದು, ಒಂದೊಂದು ನಕ್ಷತ್ರವೂ ಮಧ್ಯಾಹ್ನರೇಖೆಯನ್ನು ದಾಟುವ ಕ್ಷಣ. ಅದನ್ನು ಹಿಡಿಯಲು ಹದಿನೆಂಟನೆಯ ಶತಮಾನದಲ್ಲಿ ಜೇಮ್ಸ್ ಬ್ರಾಡ್ಲಿ ಎಂಬ ಖಗೋಳಜ್ಞನ ಹೆಸರಿನೊಡನೆ ನೆಲೆಗೊಂಡ ಕ್ರಮಕ್ಕೆ ‘ಕಣ್ಣು–ಕಿವಿಯ ಕ್ರಮ’ವೆಂದೇ ಹೆಸರು. ವೀಕ್ಷಕನು ಪಕ್ಕದ ಗಡಿಯಾರವನ್ನು ಒಮ್ಮೆ ನೋಡಿಕೊಂಡು ದೂರದರ್ಶಕಕ್ಕೆ ಕಣ್ಣಿಡುತ್ತಾನೆ. ಲೋಲಕದ ಟಿಕ್ ಟಿಕ್ ಸದ್ದನ್ನು ಮನಸ್ಸಿನಲ್ಲಿಯೇ ಎಣಿಸುತ್ತಿರುತ್ತಾನೆ. ದರ್ಶಕದ ನಡುವೆ ಎಳೆದ ಸಣ್ಣ ತಂತಿಯ ಕಡೆಗೆ ನಕ್ಷತ್ರ ಸರಿದು ಬರುತ್ತದೆ. ದಾಟುವ ಮುನ್ನಿನ ಸದ್ದಿಗೆ ಅದು ಎಲ್ಲಿತ್ತು, ದಾಟಿದ ಬಳಿಕದ ಸದ್ದಿಗೆ ಎಲ್ಲಿತ್ತು? ಎರಡನ್ನೂ ನೆನಪಿನಲ್ಲಿ ಹಿಡಿದು, ನಡುವಣ ಅಂತರವನ್ನು ಹತ್ತು ಪಾಲು ಮಾಡಿ, ತಂತಿಯನ್ನು ಮುಟ್ಟಿದ್ದು ಎಷ್ಟನೆಯ ಪಾಲಿನಲ್ಲಿ ಎಂದು ಬರೆಯುತ್ತಾನೆ. ಪಳಗಿದವನಿಗೆ ಸೆಕೆಂಡಿನ ಹತ್ತನೆಯ ಒಂದೆರಡು ಪಾಲಿಗಿಂತ ಹೆಚ್ಚು ತಪ್ಪು ಬಾರದೆಂಬುದು ಆಗಿನ ವಿಶ್ವಾಸ.

ರಾಜಖಗೋಳಜ್ಞ ನೆವಿಲ್ ಮ್ಯಾಸ್ಕೆಲೀನನ ಬಳಿಗೆ 1794ರಲ್ಲಿ ಡೇವಿಡ್ ಕಿನ್ನೆಬ್ರೂಕ್ ಎಂಬ ತರುಣ ಸಹಾಯಕನಾಗಿ ಬಂದ. ವೀಕ್ಷಣಾಲಯದಲ್ಲಿ ಸಹಾಯಕನೆಂದರೆ ಅವನೊಬ್ಬನೇ. ಮೊದಲ ವರ್ಷ ಇಬ್ಬರ ಲೆಕ್ಕವೂ ತಾಳೆಯಾಗುತ್ತಿತ್ತು. 1795ರ ಆಗಸ್ಟಿನ ಹೊತ್ತಿಗೆ ಕಿನ್ನೆಬ್ರೂಕನ ಅಂಕಿಗಳು ಅರ್ಧ ಸೆಕೆಂಡು ಹಿಂದೆ ಬೀಳತೊಡಗಿದವು. ಯಜಮಾನ ಎಚ್ಚರಿಸಿದ, ಸಹಾಯಕ ತಿದ್ದಿಕೊಳ್ಳಲು ಹೆಣಗಿದ. ತಿದ್ದುವ ಬದಲು ಅಂತರ ಬೆಳೆಯಿತು. 1796ರ ಜನವರಿಯಲ್ಲಿ ಅದು ಸೆಕೆಂಡಿನ ಹತ್ತರಲ್ಲಿ ಎಂಟು ಪಾಲು. ಅಷ್ಟರಿಂದ ಆಗುವ ಕೇಡೇನೆಂದು ನಾವು ಕೇಳಬಹುದು. ಅಷ್ಟು ಹೊತ್ತಿನಲ್ಲಿ ಭೂಮಧ್ಯರೇಖೆಯ ಮೇಲಿನ ನೆಲ ಸುಮಾರು 370 ಮೀಟರು ಉರುಳಿಬಿಟ್ಟಿರುತ್ತದೆ. ಗಡಿಯಾರದ ತಪ್ಪನ್ನು ನಕ್ಷತ್ರದಿಂದ ತಿದ್ದಬೇಕಾದವನೇ ತಪ್ಪಿದರೆ ಉಳಿದ ಲೆಕ್ಕಕ್ಕೆ ನೆಲೆಯೆಲ್ಲಿ? ಈತ ಸರಿಯಾದ ಕ್ರಮವನ್ನು ಬಿಟ್ಟು ತನ್ನದೇ ಯಾವುದೋ ಗೊಂದಲದ ಹಾದಿ ಹಿಡಿದಿದ್ದಾನೆಂದು ಮ್ಯಾಸ್ಕೆಲೀನ್ ತೀರ್ಮಾನಿಸಿದ. ಕಿನ್ನೆಬ್ರೂಕ್ ಕೆಲಸ ಕಳೆದುಕೊಂಡ.

ಮ್ಯಾಸ್ಕೆಲೀನನನ್ನು ಕ್ರೂರಿಯೆನ್ನುವಂತಿಲ್ಲ. ನಡೆದದ್ದನ್ನು ಅಂಕಿಗಳ ಸಮೇತ ವೀಕ್ಷಣಾಲಯದ ಗ್ರಂಥದಲ್ಲಿ ಅಚ್ಚು ಮಾಡಿಸಿದವನೂ ಅವನೇ. ಆದರೆ ಒಂದು ಪ್ರಶ್ನೆಯನ್ನು ಅವನು ಕೇಳಿಕೊಳ್ಳಲಿಲ್ಲ. ಅಂತರವಿದ್ದದ್ದು ಇಬ್ಬರ ನಡುವೆ. ತಪ್ಪು ಒಬ್ಬನದೇ ಎಂದು ಹೇಳುವವರು ಯಾರು? ಮೂರನೆಯ ಸಾಕ್ಷಿ ಅಲ್ಲಿರಲಿಲ್ಲ. ಯಜಮಾನನ ಕಣ್ಣು ಕಿವಿಗಳೇ ಪ್ರಮಾಣವಾದವು. ಆಳಿನ ಕಣ್ಣು ಕಿವಿಗಳು ಅಪರಾಧವಾದವು.

ಆ ಪುಟಗಳು ಇಪ್ಪತ್ತು ವರ್ಷ ಮಲಗಿದ್ದವು. 1816ರಲ್ಲಿ ಜರ್ಮನಿಯ ಲಿಂಡೆನೌ ಗ್ರೀನಿಚ್ಚಿನ ಚರಿತ್ರೆಯನ್ನು ಬರೆಯುತ್ತ ಈ ಪ್ರಸಂಗವನ್ನು ಪ್ರಸ್ತಾಪಿಸಿದ. ಅದು ಕ್ಯೋನಿಗ್ಸ್‌ಬೆರ್ಗಿನ ಫ್ರೀಡ್ರಿಶ್ ಬೆಸೆಲನ ಕಣ್ಣಿಗೆ ಬಿತ್ತು. ಬೆಸೆಲ್ ಎಳೆಯ ವಯಸ್ಸಿನಲ್ಲಿ ವರ್ತಕರ ಅಂಗಡಿಯಲ್ಲಿ ಗುಮಾಸ್ತನಾಗಿದ್ದು, ಸ್ವಂತ ದುಡಿಮೆಯಿಂದ ಖಗೋಳಜ್ಞನಾದವನು. ತಿದ್ದಿಕೊಳ್ಳಲು ಅಷ್ಟು ಹೆಣಗಿದ ಮನುಷ್ಯ ಸೋಮಾರಿತನದಿಂದ ತಪ್ಪುತ್ತಿದ್ದನೆಂದು ನಂಬಲು ಅವನಿಂದಾಗಲಿಲ್ಲ. ತನ್ನನ್ನೇ ಪರೀಕ್ಷೆಗೆ ಒಡ್ಡಿಕೊಂಡ. 1820ರ ಚಳಿಗಾಲದಲ್ಲಿ ವಾಲ್ಬೆಕ್ ಎಂಬವನೊಡನೆ ಅವವೇ ನಕ್ಷತ್ರಗಳನ್ನು ಸರದಿಯ ಮೇಲೆ ನೋಡಿದಾಗ ಇಬ್ಬರಿಗೂ ಬಂದ ಅಂತರ ಒಂದು ಸೆಕೆಂಡಿಗಿಂತ ತುಸು ಹೆಚ್ಚು. 1823ರಲ್ಲಿ ಆರ್ಗೆಲಾಂಡರನೊಡನೆ ಇನ್ನೂ ಹೆಚ್ಚು. ಕಿನ್ನೆಬ್ರೂಕನ ‘ಅಪರಾಧ’ಕ್ಕಿಂತ ಇದು ದೊಡ್ಡದು. ಯುರೋಪಿನ ಅತ್ಯಂತ ನಿಷ್ಕೃಷ್ಟ ವೀಕ್ಷಕನನ್ನು ಅಜಾಗರೂಕನೆನ್ನುವವರು ಯಾರು? ಮನುಷ್ಯ ಮನುಷ್ಯನಿಗೂ ಕ್ಷಣ ಬೇರೆ, ಒಬ್ಬನಲ್ಲಿಯೇ ಅದು ವರ್ಷದಿಂದ ವರ್ಷಕ್ಕೆ ಸರಿಯುವುದೂ ಉಂಟು ಎಂಬುದು ಹೀಗೆ ಗೊತ್ತಾಯಿತು. ಈ ಅಂತರಕ್ಕೆ ‘ವೈಯಕ್ತಿಕ ಸಮೀಕರಣ’ವೆಂಬ ಹೆಸರು ನಿಂತಿತು. ಒಂದು ಕಾಲಕ್ಕೆ ಕೆಲಸ ಕಳೆದದ್ದು ಮುಂದೆ ಲೆಕ್ಕದಲ್ಲಿ ಕೂಡಿಸಿ ಕಳೆಯುವ ಒಂದು ಅಂಕಿಯಾಯಿತು.

ಕಾರಣವನ್ನು ಅರಸಿದವರಿಂದ ಮನಸ್ಸಿನ ವಿಜ್ಞಾನಕ್ಕೇ ಒಂದು ಬಾಗಿಲು ತೆರೆಯಿತು. 1860ರ ದಶಕದ ಆರಂಭದಲ್ಲಿ ಸ್ವಿಟ್ಜರ್ಲೆಂಡಿನ ಹಿರ್ಶ್ ಎಂಬ ಖಗೋಳಜ್ಞ, ಸದ್ದು ಕೇಳಿ ಬೆರಳಾಡಿಸಲು ಸೆಕೆಂಡಿನ ನೂರರಲ್ಲಿ ಸುಮಾರು ಹದಿನೈದು ಪಾಲು, ಬೆಳಕು ಕಂಡು ಬೆರಳಾಡಿಸಲು ಸುಮಾರು ಇಪ್ಪತ್ತು ಪಾಲು ಹಿಡಿಯುವುದೆಂದು ಅಳೆದ. 1879ರಲ್ಲಿ ಲೈಪ್‌ಜಿಗ್ಗಿನಲ್ಲಿ ಮನಶ್ಶಾಸ್ತ್ರದ ಪ್ರಯೋಗಶಾಲೆಯನ್ನು ತೆರೆದ ವಿಲ್ಹೆಲ್ಮ್ ವುಂಟ್, ಅದಕ್ಕೂ ಮೊದಲೇ ಚಲಿಸುವ ಲೋಲಕಕ್ಕೆ ಸದ್ದೊಂದನ್ನು ಜೋಡಿಸಿ ಪರೀಕ್ಷಿಸಿದ್ದ. ಸದ್ದಾದಾಗ ಲೋಲಕ ನಿಜವಾಗಿ ಇದ್ದ ಕಡೆ ಒಂದು, ಇದ್ದಂತೆ ತೋರಿದ ಕಡೆ ಇನ್ನೊಂದು. ಗಮನವು ಕಣ್ಣು ಕಿವಿಗಳೆರಡರಲ್ಲಿ ಒಟ್ಟಿಗೆ ನಿಲ್ಲಲಾರದು, ಒಂದರಿಂದ ಇನ್ನೊಂದಕ್ಕೆ ದಾಟಲು ಅದಕ್ಕೂ ಹೊತ್ತು ಬೇಕು ಎಂಬುದು ಅವನ ನಿರ್ಣಯ.

ಇಲ್ಲೊಂದು ವಿಚಿತ್ರವಿದೆ. ಕೆರೆಯ ಆಚೆಯ ದಡದಲ್ಲಿ ಮಡಿವಾಳನು ಬಟ್ಟೆಯನ್ನು ಕಲ್ಲಿಗೆ ಬಡಿಯುವುದು ಮೊದಲು ಕಾಣುತ್ತದೆ, ಸದ್ದು ಆಮೇಲೆ ಕೇಳುತ್ತದೆ. ಸದ್ದು ಸೆಕೆಂಡಿಗೆ 340 ಮೀಟರಿನಷ್ಟು ಮಾತ್ರ ಓಡಬಲ್ಲುದು. ಬೆಳಕಿನ ಓಟಕ್ಕೆ ಅದು ಸಾಟಿಯಲ್ಲ. ಆದರೆ ಮೈಯ ಹೊಸ್ತಿಲನ್ನು ದಾಟಿದ ಮೇಲೆ ಪಂದ್ಯ ತಿರುಗುಮುರುಗು. ಒಳಗಿವಿಯ ರೋಮಕೋಶಗಳು ಅಲೆಯ ತಳ್ಳುವಿಕೆಗೇ ಕೂಡಲೆ ತೆರೆದುಕೊಳ್ಳುತ್ತವೆ. ಕಣ್ಣಿನ ಹಿಂಪರದೆಯಲ್ಲಾದರೋ ಬೆಳಕು ಒಂದರ ಬೆನ್ನಿಗೊಂದು ರಾಸಾಯನಿಕ ಕ್ರಿಯೆಗಳನ್ನು ಹೊರಳಿಸಿದ ಬಳಿಕವೇ ನರಕ್ಕೆ ಸುದ್ದಿ. ಹೊರಗೆ ಗೆದ್ದ ಬೆಳಕು ಒಳಗೆ ಸೋಲುತ್ತದೆ. ಇವೆರಡನ್ನೂ ಹೊಂದಿಸಿ ‘ಈಗ’ ಎಂಬ ಒಂದನ್ನು ಕಟ್ಟಿಕೊಡುವುದು ಮನಸ್ಸಿನ ಕೆಲಸ.

ಹಾಗೆ ಕಟ್ಟುವಾಗ ಕಾಲದ ವಿಷಯದಲ್ಲಿ ಅದು ಹೆಚ್ಚಾಗಿ ಕಿವಿಯ ಮಾತನ್ನೇ ನಂಬುತ್ತದೆ. ಒಂದೇ ಗತಿಯಲ್ಲಿ ಮಿನುಗುವ ದೀಪದ ಜೊತೆಗೆ ಟಕಟಕ ಸದ್ದನ್ನು ತುಸು ಚುರುಕಾಗಿಸಿದರೆ ದೀಪವೇ ಚುರುಕಾಗಿ ಮಿನುಗಿದಂತೆ ತೋರುತ್ತದೆಂದು ಇಪ್ಪತ್ತನೆಯ ಶತಮಾನದ ಪ್ರಯೋಗಗಳು ತೋರಿಸಿವೆ. ಒಂದೇ ಅವಧಿಯ ನಾದ ಮತ್ತು ಬೆಳಕುಗಳಲ್ಲಿ ನಾದವೇ ದೀರ್ಘವೆನಿಸುತ್ತದೆ. ಸ್ಥಳವನ್ನು ಕಣ್ಣು ಬಲ್ಲದು, ಕಾಲವನ್ನು ಕಿವಿ ಬಲ್ಲದು. ತಾಳವನ್ನು ನಾವು ಕೈಯಲ್ಲಿ ಹಾಕಿದರೂ ಕಿವಿಯಿಂದಲೇ ಹಿಡಿಯುತ್ತೇವಲ್ಲವೆ?

ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಅಮೆರಿಕದಿಂದ ವಿದ್ಯುತ್ ಕಾಲಲೇಖಕ ಬಂತು. 1854ರಲ್ಲಿ ಗ್ರೀನಿಚ್ಚಿನಲ್ಲಿಯೂ ಬಳಕೆಗೆ ಬಂತು. ಕಿವಿಗೆ ಬಿಡುವಾಯಿತು. ನಕ್ಷತ್ರ ತಂತಿಯನ್ನು ಮುಟ್ಟಿದಾಗ ವೀಕ್ಷಕ ಗುಂಡಿಯೊತ್ತಿದರೆ ಸಾಕು. ಅಂತರ ತಗ್ಗಿತು, ಆದರೆ ಅಳಿಯಲಿಲ್ಲ. ಒತ್ತುವ ಬೆರಳಿನ ಹಿಂದೆ ಮನುಷ್ಯನಿದ್ದನಷ್ಟೆ.

ಕಿನ್ನೆಬ್ರೂಕ್ ಇದಾವುದನ್ನೂ ಕಾಣಲಿಲ್ಲ. ಅವನು 1802ರಲ್ಲಿ, ಮೂವತ್ತರ ಆಸುಪಾಸಿನಲ್ಲಿ ತೀರಿಕೊಂಡ. ತನ್ನ ಲೆಕ್ಕ ತಪ್ಪೆಂದು ಎಲ್ಲರೂ ಹೇಳಿದ್ದನ್ನು ಕೇಳಿಕೊಂಡೇ ಹೋದ. ತಪ್ಪಲ್ಲವೆಂದು ಲೋಕ ಅರಿಯಲು ಇನ್ನೂ ಇಪ್ಪತ್ತು ವರ್ಷ ಬೇಕಾಗಿತ್ತು. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎಂಬ ಗಾದೆಯನ್ನು ನಾವು ಇತರರ ಸಾಕ್ಷ್ಯಕ್ಕೆ ಅನ್ವಯಿಸುತ್ತೇವೆ. ಮ್ಯಾಸ್ಕೆಲೀನನು ಅನ್ವಯಿಸಬೇಕಾಗಿದ್ದದ್ದು ತನ್ನ ಕಣ್ಣಿಗೆ. ಜೊತೆಯವನು ತಡವಾಗಿ ಬಂದನೆಂದು ಗದರುವ ಮುನ್ನ, ನಾವೇ ತುಸು ಬೇಗ ಬಂದಿರಬಹುದೆ ಎಂದು ಒಮ್ಮೆ ಯೋಚಿಸುವುದು ಮೇಲು.