ಒಡೆದರೂ ಉದುರದ ಗಾಜು

ಜಲ್ಲಿ ತುಂಬಿದ ಟಿಪ್ಪರಿನ ಹಿಂದೆ ಹೋಗುವ ಕಾರಿಗೆ ಕಲ್ಲೇಟು ತಪ್ಪಿದ್ದಲ್ಲ. ಚಕ್ರಕ್ಕೆ ಸಿಕ್ಕ ಕಲ್ಲು ಚಿಮ್ಮಿ ಮುಂದಿನ ಗಾಜಿಗೆ ಬಡಿಯುತ್ತದೆ. ನಕ್ಷತ್ರದಂಥ ಗುರುತೊಂದು ಉಳಿಯುತ್ತದೆ. ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ರಸ್ತೆಗಳಲ್ಲಿ ಓಡಾಡುವವರಿಗೆ ಇದು ಹೊಸತಲ್ಲ. ‘ಇಷ್ಟೇ ತಾನೆ’ ಎಂದು ಸುಮ್ಮನಾಗುವುದೂ ಹೊಸತಲ್ಲ. ಆದರೆ ಆ ಗುರುತನ್ನು ರಿಪೇರಿ ಮಾಡಿಸಬಹುದೇ, ಗಾಜನ್ನೇ ಬದಲಿಸಬೇಕೇ ಎಂಬ ಪ್ರಶ್ನೆಯ ಹಿಂದೆ ನೂರು ವರ್ಷಕ್ಕೂ ಮಿಕ್ಕ ಇತಿಹಾಸವಿದೆ.

ಮೊದಲ ಮೋಟಾರು ವಾಹನಗಳಿಗೆ ಮುಂದಿನ ಗಾಜೇ ಇರಲಿಲ್ಲ. ಗಾಳಿ, ದೂಳು ತಡೆಯಲು ಅದು ಬಂದಾಗ ಮನೆಯ ಕಿಟಕಿಯ ಗಾಜೇ ಬಂತು. ಅಪಘಾತದಲ್ಲಿ ಅದು ಚೂರಿಯಂಥ ಚೂರುಗಳಾಗಿ ಒಳಗಿದ್ದವರ ಮುಖ, ಕತ್ತು ಸೀಳುತ್ತಿತ್ತು.

ಪರಿಹಾರ ಸಿಕ್ಕಿದ್ದು ಆಕಸ್ಮಿಕವಾಗಿ. 1903ರಲ್ಲಿ ಫ್ರಾನ್ಸಿನ ಎಡುವಾರ್ ಬೆನೆಡಿಕ್ಟಸ್ ಎಂಬ ಕಲಾವಿದ-ರಸಾಯನಶಾಸ್ತ್ರಜ್ಞನ ಪ್ರಯೋಗಶಾಲೆಯಲ್ಲಿ ಗಾಜಿನ ಬುರುಡೆಯೊಂದು ನೆಲಕ್ಕೆ ಬಿತ್ತು. ಬಿರುಕು ಬಿಟ್ಟರೂ ಚೂರಾಗಲಿಲ್ಲ. ಒಳಗಿದ್ದ ಸೆಲ್ಯುಲೋಸ್ ನೈಟ್ರೇಟ್ ದ್ರಾವಣ ಒಣಗಿ, ತೆಳು ಪೊರೆಯಾಗಿ ಚೂರುಗಳನ್ನು ಹಿಡಿದುಕೊಂಡಿತ್ತು ಎಂಬುದು ಪ್ರಸಿದ್ಧ ಕಥೆ. ಎರಡು ಗಾಜುಗಳ ನಡುವೆ ಪೊರೆಯಿಟ್ಟ ‘ಟ್ರಿಪ್ಲೆಕ್ಸ್’ ಗಾಜಿಗೆ ಆತ 1909ರಲ್ಲಿ ಪೇಟೆಂಟ್ ಪಡೆದ. ಮೊದಲ ಮಹಾಯುದ್ಧದಲ್ಲಿ ವಿಷಾನಿಲದ ಮುಖವಾಡಗಳ ಕಣ್ಣುಗಳಿಗೆ ಇಂಥ ಗಾಜು ಬಳಕೆಯಾಯಿತು. 1920ರ ದಶಕದ ಕೊನೆಗೆ ಫೋರ್ಡ್ ಕಾರುಗಳಿಗೂ ಬಂತು. ಪದರಗಾಜು ಎನ್ನಬಹುದಾದ ಇದರ ನಡುವೆ ಈಗಿರುವುದು ಪಿವಿಬಿ ಎಂಬ ಪ್ಲಾಸ್ಟಿಕ್ ಹಾಳೆ. ದಪ್ಪ ಸಾಮಾನ್ಯವಾಗಿ 0.76 ಮಿಲಿಮೀಟರ್.

ಇನ್ನೊಂದು ದಾರಿ, ಗಾಜನ್ನು ಚೆನ್ನಾಗಿ ಕಾಯಿಸಿ ಥಟ್ಟನೆ ತಣಿಸಿ ಗಟ್ಟಿ ಮಾಡುವುದು. ಈ ‘ಟಫನ್ಡ್’ ಗಾಜು ಒಡೆದರೆ ಕಲ್ಲುಸಕ್ಕರೆಯಂತೆ ಹರಳುಹರಳಾಗುತ್ತದೆ. ಗಾಯ ಕಡಿಮೆ. ಆದರೆ ಮುಂದಿನ ಗಾಜಾಗಿದ್ದರೆ, ಒಂದೇ ಕಲ್ಲೇಟಿಗೆ ಇಡೀ ಗಾಜು ಬೆಳ್ಳಗಾಗಿ ಚಾಲಕನಿಗೆ ರಸ್ತೆಯೇ ಕಾಣದಂತಾಗುತ್ತದೆ. ಅದಕ್ಕೆ ರಿಪೇರಿಯೂ ಇಲ್ಲ. ಹಳೆಯ ಚಾಲಕರಿಗೆ ಈ ಭಯ ಗೊತ್ತಿದ್ದದ್ದೇ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳು, ಮೂರು ವರ್ಷಗಳ ಗಡುವು ಕೊಟ್ಟು, ಅನಂತರ ತಯಾರಾಗುವ ಕಾರು, ಬಸ್ಸು, ಲಾರಿಗಳ ಮುಂದಿನ ಗಾಜು ಪದರಗಾಜೇ ಆಗಿರಬೇಕೆಂದು ವಿಧಿಸಿದವು.

ಪದರಗಾಜಿನಲ್ಲಿ ಕಲ್ಲೇಟು ಸಾಮಾನ್ಯವಾಗಿ ಹೊರಗಿನ ಪದರಕ್ಕೆ ಮಾತ್ರ. ರಿಪೇರಿ ಸಾಧ್ಯವಾದದ್ದೇ ಇದರಿಂದ. 1970ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಈ ವಿದ್ಯೆ ಬಳಕೆಗೆ ಬಂತು. ಬಿರುಕಿನೊಳಗಿನ ಗಾಳಿಯನ್ನು ಹೀರಿ ತೆಗೆದು, ತೆಳುವಾದ ರಾಳವನ್ನು ಒತ್ತಡದಿಂದ ತುಂಬಿ, ಅತಿನೇರಳೆ ಬೆಳಕಿನಲ್ಲಿ ಗಟ್ಟಿ ಮಾಡುತ್ತಾರೆ. ಗುರುತು ಪೂರ್ತಿ ಮಾಯವಾಗದು. ಬಿರುಕು ಮುಂದೆ ಹರಿಯುವುದು ನಿಲ್ಲುತ್ತದೆ.

ಹರಿಯುವುದೇಕೆ? ಇಂಗ್ಲೆಂಡಿನ ಎ.ಎ. ಗ್ರಿಫಿತ್ 1921ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ವಿವರಿಸಿತು. ಬಿರುಕು ಉದ್ದವಾದಷ್ಟೂ ಅದು ಮುಂದುವರಿಯಲು ಬೇಕಾದ ಬಲ ಕಡಿಮೆ. ಬಿರುಕಿನ ತುದಿಗೆ ನೀರು ತಾಗಿದರಂತೂ ಗಾಜಿನ ಬಂಧ ಇನ್ನಷ್ಟು ಬೇಗ ಕಳಚುತ್ತದೆ. ಒಂದೇ ಜಿಲ್ಲೆಯಲ್ಲಿ ಎರಡು ಹವೆ ಇರುವಲ್ಲಿ ಇದನ್ನು ಮರೆಯುವಂತಿಲ್ಲ. ಮಲೆನಾಡಿನ ಸೆರಗಿನ ನ್ಯಾಮತಿ, ಹೊನ್ನಾಳಿ, ಚನ್ನಗಿರಿಯಲ್ಲಿ ಮಳೆಗಾಲದ ನೀರು ಬಿರುಕಿಗಿಳಿಯುತ್ತದೆ. ಬಯಲುಸೀಮೆಯ ಜಗಳೂರಿನಲ್ಲಿ ಬಿಸಿಲಿಗೆ ಕಾದ ಗಾಜಿಗೆ ಒಳಗಿನಿಂದ ಏಸಿಯ ತಣ್ಣನೆ ಗಾಳಿ ಬಡಿದರೆ, ಬೆಳಿಗ್ಗೆ ಕಡಲೆಕಾಳಿನಷ್ಟಿದ್ದ ಗುರುತು ಸಂಜೆಗೆ ಮೊಳದುದ್ದದ ಗೆರೆಯಾದೀತು.

ರೂಪಾಯಿ ನಾಣ್ಯದೊಳಗೆ ಅಡಗುವ ಏಟು ಸಾಮಾನ್ಯವಾಗಿ ರಿಪೇರಿಗೆ ಬಗ್ಗುತ್ತದೆ. ಚಾಲಕನ ಕಣ್ಣಿನ ನೇರಕ್ಕಿದ್ದರೆ, ಅಂಚಿಗೆ ತಾಗಿದ್ದರೆ, ಒಳಪದರವೂ ಒಡೆದಿದ್ದರೆ ಗಾಜು ಬದಲಿಸುವುದೇ ಸರಿ. ಅಂಬಾಸಿಡರ್ ಕಾಲದಲ್ಲಿ ರಬ್ಬರ್ ಬೀಡಿಂಗ್ ಬಿಡಿಸಿ ಹೊಸ ಗಾಜು ಕೂರಿಸಿದರೆ ಮುಗಿಯಿತು. ಇಂದಿನ ಕಾರುಗಳಲ್ಲಿ ಗಾಜನ್ನು ಯುರೆಥೇನ್ ಅಂಟಿನಿಂದ ದೇಹಕ್ಕೇ ಬೆಸೆದಿರುತ್ತಾರೆ. ಕಾರು ಮಗುಚಿದಾಗ ಛಾವಣಿಗೆ ಅದೂ ಆಸರೆ. ಪಕ್ಕದ ಸೀಟಿನವರ ಏರ್‌ಬ್ಯಾಗ್ ಅರಳುವಾಗ ಹಲವು ಕಾರುಗಳಲ್ಲಿ ಅದಕ್ಕೇ ಆನಿಕೊಳ್ಳುತ್ತದೆ. ಅಂಟು ಒಣಗುವ ಮೊದಲೇ ಅವಸರದಿಂದ ಗಾಡಿ ಓಡಿಸಿದರೆ ಹೊಸ ಗಾಜೂ ಕಾಪಾಡದು.

ಖರ್ಚಿನ ಲೆಕ್ಕವೂ ಇದೆ. ವಾಹನದ ಸ್ವಂತ ಹಾನಿಗೂ ವಿಮೆ ಇದ್ದರೆ ಗಾಜಿನ ಭಾಗಗಳಿಗೆ ಸವಕಳಿ ಕಡಿತವಿಲ್ಲ. ಆದರೆ ಕ್ಲೇಮು ಮಾಡಿದರೆ ನೋ ಕ್ಲೇಮ್ ಬೋನಸ್ ಕೈತಪ್ಪಬಹುದು. ಬರೀ ಥರ್ಡ್ ಪಾರ್ಟಿ ವಿಮೆಯಾದರೆ ಪೂರ್ತಿ ಖರ್ಚು ಮಾಲೀಕನದೇ. ಹಾಗಾಗಿ ಏಟು ಬಿದ್ದ ದಿನವೇ ನೀರು, ದೂಳು ಇಳಿಯದಂತೆ ಪಾರದರ್ಶಕ ಟೇಪು ಅಂಟಿಸಿ, ದಾವಣಗೆರೆಗೋ ಶಿವಮೊಗ್ಗಕ್ಕೋ ಹೋದಾಗ ತಡಮಾಡದೆ ತೋರಿಸಿಬಿಡುವುದು ಲೇಸು. ಬೆನೆಡಿಕ್ಟಸ್ ಕಂಡ ಪೊರೆ ಒಡೆದ ಗಾಜನ್ನು ಉದುರದಂತೆ ಹಿಡಿದೀತು. ಬಿರುಕು ಹಬ್ಬುವುದನ್ನು ತಡೆಯುವುದು ಮಾಲೀಕನ ಕೆಲಸ.